ಕಾಜಕ್ಕನ ಮುಯ್ಯಿ

ಆ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದರೂ ಅವಳು ದನಿಯೇರಿಸಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಅವಳಿಗೆ ಕೋಪಾನೇ ಬರಲ್ಲ ಕಣ್ರೀ" ಎಂದು ಮಾಲೀಕ ಗಿರಾಕಿಗಳ ಮುಂದೆ ಹೊಗಳುತ್ತಿದ್ದ. ನಿಜ ಗೊತ್ತಿದ್ದದ್ದು ಅವಳ ತಂಗಿಗೆ ಮಾತ್ರ. ಅಕ್ಕನಿಗೆ ಕೋಪ ಬರುತ್ತಿತ್ತು. ಬಂದದ್ದು ಹೋಗುತ್ತಿರಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಉಗಿ ಇಸ್ತ್ರಿಯ ಪಕ್ಕದಲ್ಲಿ ಅವಳ ಮೇಜು. ಹರಿದ ಜೇಬು, ಕೆಟ್ಟ ಜಿಪ್ಪು, ಕಿತ್ತುಬಂದ ಗುಂಡಿ ಎಲ್ಲ ಅವಳ ಪಾಲಿಗೆ. ಕೈಯಲ್ಲಿ ಕಾಜಾ ಹೊಲಿಯುವವರು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ. ಹಾಗಾಗಿ ಕಾಜಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಕೋಟುಗಳನ್ನು ಒಗೆಯುವ ಯಂತ್ರದ ಜರಡಿಯಲ್ಲಿ ವಾರಕ್ಕೆ ಹತ್ತಾರು ಗುಂಡಿ ಸಿಕ್ಕಿಕೊಳ್ಳುತ್ತಿದ್ದವು. ಒಂದು ವರ್ಷ ಗಾಜಿನ ಬಾಟಲಿಯಲ್ಲಿ ಇಟ್ಟು, ಯಾರೂ ಕೇಳದಿದ್ದರೆ ಮನೆಗೆ ಒಯ್ಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಳು. ತಂಗಿ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು; ಮದುವೆ ಬೇಡ ಅಂದವಳು, ಮಾತು ಬೇಡ ಅಂದವಳಲ್ಲ.

"ಜನ ಬಂಗಾರ ಕೂಡಿಡ್ತಾರೆ. ನೀನು ಊರಿನವರ ಹೊಟ್ಟೆ ಮೇಲಿನ ಗುಂಡಿ ಕೂಡಿಡು" ಎಂದು ನಗುತ್ತಲೇ ಅವಳು ಅಕ್ಕನನ್ನು ಫೋನಿನಲ್ಲಿ ಒಂದು ಗುಂಪಿಗೆ ಸೇರಿಸಿದಳು. ಹಳೆಯ ಗುಂಡಿ ಸಂಗ್ರಹಿಸುವವರ ಗುಂಪು ಅದು. ಹೆಸರು "ಗುಂಡಿಗೆ". ಊರೂರಿನ, ದೇಶದೇಶದ ಇನ್ನೂರಕ್ಕೂ ಹೆಚ್ಚು ಜನ ಅದರಲ್ಲಿದ್ದರು.

ಆ ಗುಂಪಿಗೆ ಒಂದು ಒಳ್ಳೆಯ ಪದ್ಧತಿಯಿತ್ತು. ಹೊಸಬರು ಸೇರಿದರೆ ಹಳಬರು ತಮ್ಮಲ್ಲಿ ಎರಡೆರಡಿರುವುದರಲ್ಲಿ ಒಂದನ್ನು ಅಂಚೆಯಲ್ಲಿ ಕಳಿಸಬೇಕು. ಕಾಜಕ್ಕ ತನ್ನ ಜರಡಿ ಗುಂಡಿಗಳ ಫೋಟೊ ಹಾಕಿದ ತಿಂಗಳೊಳಗೆ ಮೂವತ್ತೊಂದು ಲಕೋಟೆ ಬಂದವು. ಮರದವು, ಕೊಂಬಿನವು, ಹಿತ್ತಾಳೆಯವು. ಹಡಗಿನಲ್ಲಿ ಅಡುಗೆಯವನಾಗಿದ್ದು ನಿವೃತ್ತನಾದ ಒಬ್ಬ ಮುದುಕ ಚಿಪ್ಪಿನ ಗುಂಡಿಯೊಂದನ್ನು ಕಳಿಸಿದ್ದ. ಗುಂಪಿನಲ್ಲಿ ಎಲ್ಲರಿಗೂ ಅವನು ಹಡಗಜ್ಜ. ಜೊತೆಗೆ ಕೈಬರಹದ ಕಾಗದ: "ತಾಯಿ, ಗುಂಡಿಯ ಮುಖ ನೋಡಬೇಡ, ಬೆನ್ನು ನೋಡು. ಮುಖ ಯಾರು ಬೇಕಾದರೂ ಮಾಡಿಕೊಳ್ಳಬಹುದು." ಯಾರೂ ತನಗೆ ಏನೂ ಕಳಿಸಿ ಗೊತ್ತಿರದ ಕಾಜಕ್ಕ ಆ ಲಕೋಟೆಗಳನ್ನೂ ಎಸೆಯಲಿಲ್ಲ. ಮಾರನೇ ವರ್ಷದಿಂದ ಅವಳೂ ಕಳಿಸತೊಡಗಿದಳು. ಸಣ್ಣ ರಟ್ಟಿಗೆ ಗುಂಡಿಯನ್ನು ಹೊಲಿದು, ದಾರವನ್ನು ಬುಡಕ್ಕೆ ಮೂರು ಸುತ್ತು ಬಿಗಿದು ಕಳಿಸುವುದು ಅವಳ ರೂಢಿ. ರಟ್ಟು ನೋಡಿದರೆ ಸಾಕು, ಇದು ಕಾಜಕ್ಕನದು ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ಗುಂಪಿನ ದಾನಶೂರ ಅಂದರೆ ಹಲ್ಲಿನ ಡಾಕ್ಟರು. ದೂರದ ಊರಿನಲ್ಲಿ ಅವರ ದವಾಖಾನೆ. ಯಾರ ಹುಟ್ಟುಹಬ್ಬವನ್ನೂ ಮರೆಯುತ್ತಿರಲಿಲ್ಲ. ಕಾಯಿಲೆ ಬಿದ್ದವರಿಗೆ ಬೆಳ್ಳಿಯ ಗುಂಡಿ, ಪರೀಕ್ಷೆ ಪಾಸಾದವರಿಗೆ ಹೂವಿನ ಗುಂಡಿ. ಹಡಗಜ್ಜನ ಹೆಂಡತಿಗೆ ಪೂರಾ ಒಂದು ಹಲ್ಲಿನ ಸೆಟ್ಟನ್ನೇ ಪುಕ್ಕಟೆ ಮಾಡಿಕೊಟ್ಟಿದ್ದರು. ಅವರ ಹೆಸರೆತ್ತಿದರೆ ಇಡೀ ಗುಂಪು ಕೈಮುಗಿಯುತ್ತಿತ್ತು.

ಅಮ್ಮನ ಹಳೆಯ ಉಣ್ಣೆಯ ಅಂಗಿಯನ್ನು ಕಾಜಕ್ಕ ಪೆಟ್ಟಿಗೆಯಿಂದ ತೆಗೆದದ್ದು ಒಂದು ಚಳಿಗಾಲ. ಕುತ್ತಿಗೆಯ ಹತ್ತಿರದ ಗುಂಡಿ ಮಾತ್ರ ಬೇರೆಯದಿತ್ತು. ನೀಲಿ ಗಾಜು, ಅದರೊಳಗೆ ಒಂಟಿ ಕಾಲಲ್ಲಿ ನಿಂತ ಬಕ. ಅಮ್ಮನೂ ಹೊಲಿಗೆಯವಳೇ, ಎಲ್ಲಿಂದಲೋ ಸಿಕ್ಕಿದ್ದನ್ನು ಹಾಕಿಕೊಂಡಿದ್ದಳು. ಅಮ್ಮ ಹಲ್ಲಲ್ಲಿ ದಾರ ಕಡಿಯಲು ಹೋಗಿ ಅಂಚಿನಲ್ಲಿ ಒಂದು ಚೂರು ಎದ್ದಿತ್ತು. ಹಿಂದಿನ ತಂತಿಯ ಕೊಂಡಿ ಸವೆದು ಕೂದಲಿನಂತಾಗಿತ್ತು. ಕಾಜಕ್ಕ ಫೋಟೊ ಹಾಕಿದಳು, ಊಟಕ್ಕೆ ಕೂತಳು. ಏಳುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

ಹಳೆಯ ಗಾಜಿನ ಕಾರ್ಖಾನೆಯೊಂದು ಏಳು ಹಕ್ಕಿಗಳ ಗುಂಡಿ ಮಾಡಿತ್ತಂತೆ. ಆರು ಹಕ್ಕಿ ಎಲ್ಲರ ಬಳಿಯೂ ಇವೆ. ಏಳನೆಯದು, ಅಂದರೆ ಈ ಬಕ, ಮಾರುಕಟ್ಟೆಗೆ ಬರುವ ಮೊದಲೇ ಕಾರ್ಖಾನೆ ಮುಚ್ಚಿತು. ಪಟ್ಟಿಯಲ್ಲಿ ಅದರ ಹೆಸರಿತ್ತೇ ಹೊರತು ಕಣ್ಣಲ್ಲಿ ಕಂಡವರಿರಲಿಲ್ಲ.

ಅದೇ ಸಂಜೆ ಡಾಕ್ಟರ ಕರೆ ಬಂತು.

"ಅಮ್ಮಾ, ನಿಮ್ಮಂಥವರ ಮನೇಲಿ ಇಂಥದ್ದು ಸಿಕ್ತಲ್ಲ, ನನಗೆ ಕಣ್ಣಲ್ಲಿ ನೀರು ಬಂತು. ನಾಲ್ಕು ದಿನ ನನಗೆ ಕಳಿಸಿಕೊಡ್ತೀರಾ? ನಮ್ಮಲ್ಲಿ ಹಲ್ಲು ನೋಡೋ ದೊಡ್ಡ ಕ್ಯಾಮೆರಾ ಇದೆ. ಒಳ್ಳೇ ಫೋಟೊ ತೆಗೆದು ವಾಪಸ್ ಕಳಿಸ್ತೀನಿ. ಗುಂಪಿನ ಎಲ್ಲರಿಗೂ ಅನುಕೂಲ ಆಗ್ತದೆ."

"ಅದಕ್ಕೇನಂತೆ ಡಾಕ್ಟ್ರೇ, ಕಳಿಸ್ತೀನಿ" ಅಂದಳು ಕಾಜಕ್ಕ.

ನಾಲ್ಕು ದಿನ ಮೂರು ವಾರವಾಯಿತು. ಕೊನೆಗೆ ಹತ್ತಿಯಲ್ಲಿ ಸುತ್ತಿದ ಪೊಟ್ಟಣ ಬಂತು. ಕಾಜಕ್ಕ ಗುಂಡಿಯನ್ನು ಕೈಗೆ ತೆಗೆದುಕೊಂಡಳು, ಕೆನ್ನೆಗೆ ಒತ್ತಿದಳು. ಗಾಜು ತಣ್ಣಗಿರುತ್ತದೆ; ಇದು ಬೆಚ್ಚಗಿತ್ತು. ಹಲ್ಲಿಗೆ ತಟ್ಟಿದಳು. ಗಾಜು ಟಣ್ ಅನ್ನುತ್ತದೆ. ಇದು ಟಪ್ ಅಂದಿತು. ತಿರುಗಿಸಿ ಬೆನ್ನು ನೋಡಿದರೆ ಹೊಚ್ಚಹೊಸ ತಂತಿ ಫಳಫಳ ಹೊಳೆಯುತ್ತಿತ್ತು. ಮೂಗಿಗೆ ಹಿಡಿದಳು. ಹಲ್ಲಿನ ದವಾಖಾನೆಯ ವಾಸನೆ. ಕೃತಕ ಹಲ್ಲು ಎರಕ ಹೊಯ್ಯುವ ಕೈಗೆ ಒಂದು ಗುಂಡಿ ಎರಕ ಹೊಯ್ಯುವುದು ಯಾವ ಮಹಾ ಕೆಲಸ?

ಫೋನ್ ಮಾಡಿದಳು. ಡಾಕ್ಟರು ಬೆಣ್ಣೆಯಂಥ ದನಿಯಲ್ಲಿ ಹೇಳಿದರು: "ನೀವು ಕಳಿಸಿದ್ದನ್ನೇ ಕಳಿಸಿದ್ದೀನಮ್ಮ. ವಯಸ್ಸಾಗ್ತಾ ಕಣ್ಣು ಮೋಸ ಮಾಡ್ತದೆ. ನಿಮ್ಮ ತಂಗಿ ಕನ್ನಡಕದಂಗಡೀಲಿ ಇದ್ದಾರಲ್ಲ, ಒಂದ್ಸಲ ತೋರಿಸಿಕೊಳ್ಳಿ."

ಅವಳು ಗುಂಪಿನಲ್ಲಿ ಬರೆದಳು, ಎರಡೇ ಸಾಲು. ಅರ್ಧ ಗಂಟೆಯಲ್ಲಿ ಎಪ್ಪತ್ತು ಉತ್ತರ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಒಬ್ಬರು. ದೇವರಂಥ ಮನುಷ್ಯನ ಮೇಲೆ ಕೆಸರು ಎರಚಬೇಡಿ ಎಂದು ಇನ್ನೊಬ್ಬರು. ಎಲ್ಲರ ಮನೆಯಲ್ಲೂ ಡಾಕ್ಟರು ಕೊಟ್ಟ ಏನಾದರೊಂದು ಇತ್ತಲ್ಲ. ಗುಂಪು ನೋಡಿಕೊಳ್ಳುವವರು ಅವಳ ಮಾತನ್ನೇ ಅಳಿಸಿಹಾಕಿದರು. ಹಡಗಜ್ಜ ಮಾತ್ರ ಗುಟ್ಟಾಗಿ ಬರೆದ: "ನಾನು ನಿನ್ನನ್ನು ನಂಬುತ್ತೇನೆ ತಾಯಿ. ಆದರೆ ಬಾಯಿ ಬಿಡಲಾರೆ. ನನ್ನವಳು ಊಟ ಮಾಡುವುದೇ ಅವನು ಕೊಟ್ಟ ಹಲ್ಲಿನಲ್ಲಿ."

"ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಎಂದು ತಂಗಿ ಹಲ್ಲು ಕಡಿದಳು. "ಬಿಡು ಅವರ ಗುಂಪನ್ನ. ಹೊರಗೆ ಬಾ."

"ಯಾಕೆ ಬರಲಿ? ಕದ್ದವನು ಒಳಗಿರೋವಾಗ ನಾನ್ಯಾಕೆ ಹೊರಗೆ ಹೋಗ್ಲಿ?"

ಎರಡು ತಿಂಗಳಾದ ಮೇಲೆ ಡಾಕ್ಟರು ಗುಂಪಿನಲ್ಲಿ ಒಂದು ಫೋಟೊ ಹಾಕಿದರು. ವಿದೇಶದ ಹಳೆ ಸಂತೆಯಲ್ಲಿ ತಮಗೂ ಏಳನೇ ಹಕ್ಕಿ ಸಿಕ್ಕಿತೆಂದೂ, ಆ ತಾಯಿಯ ಬಳಿ ಇದ್ದದ್ದು ಪಾಪ ನಕಲಿ ಇರಬೇಕೆಂದೂ, ಹಾಗಾಗಿ ಜಗತ್ತಿನಲ್ಲಿ ಇದೊಂದೇ ಎಂದೂ ಬರೆದಿದ್ದರು. ಗುಂಡಿಯ ಸುತ್ತ ಚಿನ್ನದ ಬಳೆಯಂಥ ಕಟ್ಟು. ಅಂಚು ಪೂರ್ತಿ ಮುಚ್ಚಿತ್ತು. ಕಾಜಕ್ಕ ಆ ಫೋಟೊವನ್ನು ಬಹಳ ಹೊತ್ತು ನೋಡಿ "ಅಭಿನಂದನೆಗಳು ಡಾಕ್ಟರೇ" ಎಂದು ಬರೆದಳು.

ತಂಗಿಗೆ ರೇಗಿಹೋಯಿತು. "ಅಭಿನಂದನೆಯಂತೆ! ಉಗಿಯೋದು ಬಿಟ್ಟು!"

"ಅವನಿಗೆ ಬೇಕಾಗಿದ್ದು ಗುಂಡಿ ಅಲ್ಲ ಕಣೇ" ಅಂದಳು ಕಾಜಕ್ಕ, ಸೂಜಿಗೆ ದಾರ ಪೋಣಿಸುತ್ತ. "ಜಗತ್ತಿಗೆ ಒಂದೇ ಒಂದು ಅನ್ನೋ ಮಾತು. ನಾನು ಅದನ್ನೇ ಕಿತ್ಕೋತೀನಿ."

ಅಂದಿನಿಂದ ಮೂರು ವರ್ಷ ಅವಳದು ನಿಜವಾದ ಬಕಧ್ಯಾನ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಾಗದ ಬರೆಯುತ್ತಿದ್ದಳು. ಗಾಜಿನ ಕಾರ್ಖಾನೆ ಇದ್ದ ಊರಿನ ಗ್ರಂಥಾಲಯಕ್ಕೆ, ಹಳೆಯ ಸಿಬ್ಬಂದಿಯ ಸಂಘಕ್ಕೆ, ಗುಂಡಿ ಲೇಸು ಮಾರುವ ಸಗಟು ವ್ಯಾಪಾರಿಗಳಿಗೆ. ಬಂದ ಉತ್ತರಗಳಲ್ಲಿ ಮುಕ್ಕಾಲು ಪಾಲು "ಗೊತ್ತಿಲ್ಲ". ಗುಂಪಿನಲ್ಲಿ ಡಾಕ್ಟರು ಯಾರಿಗಾದರೂ ಉಡುಗೊರೆ ಕಳಿಸಿದ ಸುದ್ದಿ ಬಂದಾಗಲೆಲ್ಲ ಅವಳು ಚಪ್ಪಾಳೆಯ ಚಿತ್ರ ಹಾಕಿ, ಇನ್ನೊಂದು ಕಾಗದ ಬರೆಯಲು ಕೂರುತ್ತಿದ್ದಳು. ಕೊನೆಗೆ, ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ ಮುದುಕಿಯೊಬ್ಬಳ ಮೊಮ್ಮಗಳು ಬರೆದಳು: ಮಾದರಿಗೆಂದು ಹೊರಬಿದ್ದ ಒಂದೆರಡನ್ನು ಬಿಟ್ಟರೆ, ಬೀಗ ಹಾಕುವ ಹಿಂದಿನ ವಾರ ಬಕದ ಗುಂಡಿಯ ಒಂದೇ ಒಂದು ಪೆಟ್ಟಿಗೆ ಹೊರಗೆ ಹೋದದ್ದು ಅಜ್ಜಿಗೆ ನೆನಪಿದೆ. ಯಾವ ಊರಿಗೆ, ಯಾವ ಅಂಗಡಿಗೆ ಎನ್ನುವುದೂ ನೆನಪಿದೆ, ಯಾಕೆಂದರೆ ವಿಳಾಸ ಬರೆದದ್ದೇ ಅಜ್ಜಿ.

ಕಾಜಕ್ಕ ಒಂದು ದಿನ ರಜೆ ಹಾಕಿ ಬಸ್ಸು ಹತ್ತಿದಳು.

ಅಜ್ಜಿ ಹೇಳಿದ ಆ ಸಗಟು ಅಂಗಡಿ ಮುಚ್ಚುವ ಹಂತದಲ್ಲಿತ್ತು. ಮಾಲೀಕಳು ಎಂಬತ್ತರ ಹತ್ತಿರದ ಹೆಂಗಸು. ಬೆನ್ನು ನೇರ, ಕಿವಿ ಸ್ವಲ್ಪ ಮಂದ. ನೆಲಮಾಳಿಗೆಯ ಬೀಗದ ಕೈ ಕೊಟ್ಟು "ನೀನೇ ಹುಡುಕ್ಕೋ ತಾಯಿ, ನನ್ನ ಮಂಡಿ ಮೆಟ್ಟಿಲು ಇಳಿಯೋಕೆ ಒಪ್ಪಲ್ಲ" ಅಂದಳು. ಕಾಜಕ್ಕ ನಾಲ್ಕು ಗಂಟೆ ಹುಡುಕಿದಳು. ಮೇಲಿನ ಗೂಡಿನಲ್ಲಿ, ಪ್ಲಾಸ್ಟಿಕ್ ಗುಂಡಿಗಳ ಡಬ್ಬಗಳ ಹಿಂದೆ, ದಾರ ಕೂಡ ಬಿಚ್ಚದ ಪೆಟ್ಟಿಗೆ. ಆ ಕಾಲಕ್ಕೆ ಜನ ಗಾಜು ಬಿಟ್ಟು ಪ್ಲಾಸ್ಟಿಕ್ಕಿಗೆ ಮರುಳಾಗಿದ್ದರು, ಯಾರೂ ಅದನ್ನು ತೆರೆದಿರಲಿಲ್ಲ. ಒಳಗೆ ಹನ್ನೆರಡು ಹಾಳೆ, ಹಾಳೆಗೆ ಇಪ್ಪತ್ನಾಲ್ಕು ಬಕ. ಇನ್ನೂರ ಎಂಬತ್ತೆಂಟು ನೀಲಿ ಬಕಗಳು ಒಂಟಿ ಕಾಲಲ್ಲಿ ನಿಂತು ಅವಳನ್ನೇ ಕಾಯುತ್ತಿದ್ದಂತಿತ್ತು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕಳು. ನಗು ನಿಲ್ಲಲೊಲ್ಲದು.

ಮೇಲೆ ಬಂದಾಗ ಮುದುಕಿ "ತಗೊಂಡು ಹೋಗು. ನಾಳೆ ಗುಜರಿಯವನು ಬರ್ತಾನೆ" ಅಂದಳು.

"ಇಲ್ಲ ಅಮ್ಮ, ನಿಮಗೆ ಹೇಳದೆ ಒಯ್ಯೋದು ಸರಿಯಲ್ಲ. ಇದು ತುಂಬಾ ಅಪರೂಪದ್ದು. ಮಾರಿದ್ರೆ ಒಳ್ಳೇ ಬೆಲೆ ಬರ್ತದೆ."

"ಹೌದಾ? ನೀನೇನು ಮಾಡ್ತೀಯ?"

"ಹಂಚ್ತೀನಿ."

"ಯಾರಿಗೆ?"

"ಒಬ್ಬನನ್ನ ಬಿಟ್ಟು ಎಲ್ಲರಿಗೂ."

ಮುದುಕಿ ಕಿವಿಗೆ ಕೈ ಆನಿಸಿ ಮುಂದಕ್ಕೆ ಬಾಗಿದಳು. "ಆ ಒಬ್ಬನ ವಿಷಯ ಹೇಳು."

ಕಾಜಕ್ಕ ಹೇಳಿದಳು. ಕೇಳಿ ಮುಗಿಸಿದ ಮುದುಕಿ ಪೆಟ್ಟಿಗೆಯನ್ನು ಅವಳತ್ತ ತಳ್ಳಿದಳು. "ನನಗೆ ದುಡ್ಡು ಬೇಡ. ಒಂದೇ ಷರತ್ತು. ಅವನ ಮುಖ ಹೇಗಾಯ್ತು ಅಂತ ನೀನು ಬಂದು ನಂಗೆ ಹೇಳ್ಬೇಕು. ಫೋನಲ್ಲಿ ಅಲ್ಲ, ಎದುರಿಗೆ ಕೂತು."

ಗುಂಪಿನವರು ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತಿದ್ದರು. ಆ ವರ್ಷದ ಸಭೆಯಲ್ಲಿ ಡಾಕ್ಟರದೇ ಮುಖ್ಯ ಭಾಷಣ: "ಏಳನೇ ಹಕ್ಕಿ: ಒಂದೇ ಒಂದು". ಎದುರಿಗೆ ಗಾಜಿನ ಪೆಟ್ಟಿಗೆಯಲ್ಲಿ ದೀಪದ ಕೆಳಗೆ ಗುಂಡಿಯ ದರ್ಶನ.

ಸಭೆಗೆ ಆರು ವಾರವಿತ್ತು. ಅಕ್ಕತಂಗಿಯರು ದಿನಾ ಕೆಲಸದಿಂದ ಬಂದ ಮೇಲೆ ಮೇಜಿನ ಎರಡು ಬದಿ ಕೂರುತ್ತಿದ್ದರು. ಕಾಜಕ್ಕ ರಟ್ಟಿಗೆ ಬಕವನ್ನು ಹೊಲಿಯುವುದು, ತಂಗಿ ಲಕೋಟೆಗೆ ಹಾಕಿ ಅಂಚೆಚೀಟಿ ಅಂಟಿಸುವುದು. "ನನ್ನ ನಾಲಿಗೆಗೆ ಗೋಂದು ಹತ್ತಿ ಮಾತೇ ನಿಂತುಹೋಗ್ತದೆ" ಎಂದು ತಂಗಿ ಗೊಣಗಿದರೆ, "ಆ ಪುಣ್ಯ ನನಗೆಲ್ಲಿ" ಎನ್ನುತ್ತಿದ್ದಳು ಅಕ್ಕ. ಪ್ರತಿ ಲಕೋಟೆಯಲ್ಲೂ ಒಂದೇ ಒಕ್ಕಣೆ: "ಏಳನೇ ಹಕ್ಕಿ, ಅಸಲಿ. ಇಟ್ಟುಕೊಳ್ಳಿ. ಸಭೆಗೆ ಬರುವವರು ಇದನ್ನು ಕುತ್ತಿಗೆಯ ಹತ್ತಿರ ಹೊಲಿದುಕೊಂಡು ಬನ್ನಿ. ಅಲ್ಲಿಯವರೆಗೆ ಗುಂಪಿನಲ್ಲಿ ಸುದ್ದಿ ಬೇಡ, ಒಬ್ಬರಿಗೆ ಅಚ್ಚರಿ ಕಾದಿದೆ." ತನ್ನ ಮೇಲೆ ಉಗುಳಿದವರಿಗೂ ಕಳಿಸಿದಳು. ತನ್ನ ಮಾತು ಅಳಿಸಿದವರಿಗೂ ಕಳಿಸಿದಳು.

"ಇವರಿಗೂ ಯಾಕೆ?" ಎಂದು ತಂಗಿ ಕೇಳಿದ್ದಕ್ಕೆ "ಮುಯ್ಯಿ" ಅಂದಳು. "ಕೊಡೋದಕ್ಕೂ ಅದೇ ಮಾತು, ತೀರಿಸಿಕೊಳ್ಳೋದಕ್ಕೂ ಅದೇ ಮಾತು. ಎರಡೂ ಒಟ್ಟಿಗೆ ಆಗಲಿ."

ಒಬ್ಬಳು ಬಾಯಿ ತಡೆಯಲಾರದೆ ಗುಂಪಿನಲ್ಲಿ "ಹಕ್ಕಿ ಮುಟ್ಟಿತು" ಎಂದು ಬರೆದು ಅಷ್ಟೇ ಬೇಗ ಅಳಿಸಿದಳು. ಕಾಜಕ್ಕನಿಗೆ ಎರಡು ದಿನ ಅನ್ನ ಸೇರಲಿಲ್ಲ. ಅದೃಷ್ಟಕ್ಕೆ ಡಾಕ್ಟರು ಭಾಷಣ ಬರೆಯುವುದರಲ್ಲಿ ಮುಳುಗಿದ್ದರು.

ಸಭೆ ನಡೆದದ್ದು ಒಂದು ಗ್ರಂಥಾಲಯದ ಮೇಲಿನ ಮಹಡಿಯಲ್ಲಿ. ಬೆಳಗಿನ ಹನ್ನೊಂದಕ್ಕೆ ಡಾಕ್ಟರು ಬಂದರು, ಕೈಯಲ್ಲಿ ಮಖಮಲ್ಲಿನ ಡಬ್ಬಿ, ಪಕ್ಕದಲ್ಲಿ ಹೆಂಡತಿ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಹೆಂಗಸಿನ ಕುತ್ತಿಗೆಯಲ್ಲಿ ನೀಲಿ ಬಕ. ಅವರು ನಕ್ಕರು. "ಪರವಾಗಿಲ್ಲ, ಚೆನ್ನಾಗಿ ನಕಲು ಮಾಡಿದ್ದಾರೆ" ಅಂದರು. ಒಳಗೆ ಹೆಜ್ಜೆಯಿಟ್ಟರು. ಚಹಾ ಕೊಡುವವನ ಅಂಗಿಯಲ್ಲಿ ಬಕ. ಮೊದಲ ಸಾಲಿನಲ್ಲಿ ಒಂಬತ್ತು ಬಕ. ಎರಡನೆಯದರಲ್ಲಿ ಹನ್ನೊಂದು. ಎಲ್ಲರೂ ಕುತ್ತಿಗೆ ಚಾಚಿ, ಅಚ್ಚರಿ ಹೇಗಿದೆ ಎಂದು ಸಂತೋಷದಿಂದ ಅವರತ್ತಲೇ ನೋಡುತ್ತಿದ್ದರು. ಪಾಪ, ಅವರಲ್ಲಿ ಹೆಚ್ಚಿನವರಿಗೆ ಇದು ಡಾಕ್ಟರಿಗೂ ಖುಷಿಯ ಸುದ್ದಿಯೆಂದೇ ನಂಬಿಕೆ.

ಡಾಕ್ಟರ ಮುಖದಿಂದ ಮೊದಲು ಬಣ್ಣ ಹೋಯಿತು, ಆಮೇಲೆ ನಗು. ಕಾಜಕ್ಕ ಎರಡನೇ ಸಾಲಿನ ಅಂಚಿನಲ್ಲಿ ಕೂತು ಒಂದೊಂದನ್ನೂ ಕಣ್ಣಲ್ಲಿ ತುಂಬಿಕೊಂಡಳು. ತುಟಿ ಒಣಗಿದ್ದು, ಅದನ್ನು ನಾಲಿಗೆಯಿಂದ ಸವರಿಕೊಂಡದ್ದು, ಡಬ್ಬಿ ಹಿಡಿದ ಬೆರಳುಗಳು ಬೆಳ್ಳಗಾದದ್ದು.

ಅವರು ಅವಳ ಬಳಿಗೇ ಬಂದರು. "ಇದೆಲ್ಲ ನಿಮ್ಮ ಕೆಲಸಾನಾ? ಎಲ್ಲರಿಗೂ ಕೊಟ್ಟಿದ್ದೀರಿ, ನನಗೆ?"

"ನಿಮ್ಮ ಹತ್ರ ಇದೆಯಲ್ಲ ಡಾಕ್ಟ್ರೇ. ಜಗತ್ತಿಗೆ ಒಂದೇ ಒಂದು." ಅವಳು ಚೀಲದಿಂದ ಒಂದು ರಟ್ಟು ತೆಗೆದಳು. "ಆದ್ರೂ ನಿಮ್ಮನ್ನ ಬರಿಗೈಲಿ ಕಳಿಸಲ್ಲ. ನೀವು ನನಗೆ ಕಳಿಸಿದ್ರಲ್ಲ, ಅದು ಇದು. ಎಲ್ಲರೂ ತಮ್ಮದರ ಜೊತೆ ಇಟ್ಟು ನೋಡ್ಲಿ."

ರಟ್ಟು ಕೈಯಿಂದ ಕೈಗೆ ಹೋಯಿತು. ಒಬ್ಬರು ಕೆನ್ನೆಗೆ ಒತ್ತಿದರು, ಇನ್ನೊಬ್ಬರು ಹಲ್ಲಿಗೆ ತಟ್ಟಿದರು. ಟಪ್. ತಮ್ಮದನ್ನು ತಟ್ಟಿದರು. ಟಣ್. ಅಸಲಿ ಎಂಥದೆಂದು ಈಗ ಎಲ್ಲರ ಕೈಗೂ ಗೊತ್ತಿತ್ತು.

ಹಿಂದಿನ ಸಾಲಿನಲ್ಲಿ ಹಡಗಜ್ಜ ಕೋಲೂರಿ ಎದ್ದ. "ಡಾಕ್ಟ್ರೇ, ನಿಮ್ಮ ಗುಂಡಿಗೆ ಹಾಕಿರೋ ಕಟ್ಟು ಒಮ್ಮೆ ಬಿಚ್ಚಿ. ಆ ತಾಯಿ ಗುಂಡಿಗೆ ಅಂಚಲ್ಲಿ ಚೂರು ಎದ್ದಿತ್ತು. ನಿಮ್ಮದರಲ್ಲಿ ಇಲ್ಲದಿದ್ರೆ ನಾವೆಲ್ಲ ನಿಮ್ಮ ಕಾಲಿಗೆ ಬೀಳ್ತೀವಿ."

"ಅಜ್ಜಾ, ನೀವೂನಾ? ನಿಮ್ಮ ಮನೆಯವರಿಗೆ ನಾನು..."

"ಅವಳೇ ಹೇಳಿ ಕಳಿಸಿದ್ದಾಳೆ ಸ್ವಾಮಿ. 'ಹಲ್ಲು ಬೇಕಾದ್ರೆ ಬಿಚ್ಚಿ ವಾಪಸ್ ಕೊಡ್ತೀನಿ, ನೀನು ಹೋಗಿ ಬಾಯಿ ಬಿಡು' ಅಂತ."

ಯಾರೋ ಕಿಸಕ್ಕೆಂದರು. ಡಾಕ್ಟರು ಕಟ್ಟು ಬಿಚ್ಚಲಿಲ್ಲ. ಡಬ್ಬಿಯನ್ನು ಕೋಟಿನ ಒಳಜೇಬಿಗೆ ಹಾಕಿ, ಹೆಂಡತಿಗೂ ಕಾಯದೆ ಮೆಟ್ಟಿಲಿಳಿದರು. ಹೆಂಡತಿ ಎರಡು ಕ್ಷಣ ನಿಂತು, ಎಲ್ಲರ ಕುತ್ತಿಗೆಗಳನ್ನು ನೋಡಿ, ತಲೆ ತಗ್ಗಿಸಿ ಹಿಂದೆ ಹೋದಳು. ಆ ಸಂಜೆಯೇ ಡಾಕ್ಟರು ಗುಂಪು ಬಿಟ್ಟರು. ವಾರದೊಳಗೆ ಇನ್ನಿಬ್ಬರು ಬರೆದರು: ತಾವೂ ಫೋಟೊಗೆಂದು ಕಳಿಸಿ ವಾಪಸ್ ಪಡೆದ ಗುಂಡಿಗಳನ್ನು ಈಗ ಹಲ್ಲಿಗೆ ತಟ್ಟಿ ನೋಡಿದೆವು, ಟಪ್ ಅನ್ನುತ್ತಿವೆ.

ಕಾಜಕ್ಕ ಮತ್ತೊಂದು ರಜೆ ಹಾಕಿ ಸಗಟಂಗಡಿಯ ಮುದುಕಿಯ ಎದುರಿಗೆ ಕೂತು ಕಥೆ ಹೇಳಿದಳು. ತುಟಿ ಒಣಗಿದ ಭಾಗವನ್ನು ಮುದುಕಿ ಎರಡು ಸಲ ಹೇಳಿಸಿಕೊಂಡಳು.

ಇಲ್ಲಿಗೆ ಮುಗಿದಿದ್ದರೆ ಕಾಜಕ್ಕನಿಗೆ ಸುಖವೇ ಇತ್ತು. ಆದರೆ ತಿಂಗಳಾದ ಮೇಲೆ ಡಾಕ್ಟರ ಹೆಂಡತಿಯ ಫೋನು ಬಂತು. ತಂಗಿಯೂ ಪಕ್ಕದಲ್ಲಿ ಕೇಳುತ್ತಿದ್ದಳು.

"ನಮ್ಮ ಮನೆಯವರು ದವಾಖಾನೆಗೂ ಹೋಗ್ತಿಲ್ಲ ಅಮ್ಮ, ಕದ ಹಾಕ್ಕೊಂಡು ಕೂತಿದ್ದಾರೆ. ನಿಮ್ಮ ತಾಯಿಯ ಗುಂಡಿ ನಾನೇ ಕಳಿಸಿಕೊಡ್ತೀನಿ. ನೀವು ಗುಂಪಲ್ಲಿ ಒಂದು ಮಾತು ಬರೆದ್ರೆ ಸಾಕು. ಅಂಚೇಲಿ ಅದಲುಬದಲಾಗಿತ್ತು, ತಪ್ಪು ತಿಳುವಳಿಕೆ ಅಂತ."

ಕಾಜಕ್ಕ ಕೈಯಲ್ಲಿದ್ದ ಸೂಜಿಯನ್ನು ರಟ್ಟಿಗೆ ಚುಚ್ಚಿಟ್ಟಳು. "ನಿಮ್ಮ ಮೇಲೆ ನನಗೇನೂ ಇಲ್ಲಮ್ಮ. ಗುಂಡಿ ಅವರ ಹತ್ರಾನೇ ಇರ್ಲಿ. ದಿನಾ ನೋಡ್ಕೋತಾ ಇರೋಕೆ ಹೇಳಿ" ಎಂದು ಫೋನ್ ಇಟ್ಟಳು.

ತಂಗಿ ಎದ್ದು ನಿಂತಿದ್ದಳು. "ಅಮ್ಮನ ಗುಂಡಿ ಕಣೇ ಅದು! ಅಮ್ಮ ಹಲ್ಲಲ್ಲಿ ದಾರ ಕಡಿದ ಗುರುತು ಅದರ ಮೇಲಿದೆ. ಒಂದು ಸುಳ್ಳು ಬರೆದಿದ್ರೆ ಮನೆಗೆ ಬರ್ತಿತ್ತು!"

"ಬರೆದಿದ್ರೆ ಅವನು ಮತ್ತೆ ದೇವರಾಗ್ತಿದ್ದ."

"ಆಗ್ಲಿ! ಅದು ನಿನ್ನೊಬ್ಬಳ ಅಮ್ಮನಾ? ನನ್ನನ್ನ ಕೇಳ್ಬೇಕು ಅನ್ನಿಸಲಿಲ್ವಾ?"

ಕಾಜಕ್ಕನಿಗೆ ಕೇಳಬೇಕು ಅನ್ನಿಸಿರಲಿಲ್ಲ, ಅದೇ ನಿಜ. ಮೂರು ವರ್ಷ ಅವಳ ತಲೆಯಲ್ಲಿ ಅಮ್ಮನಿಗಿಂತ ಆ ಮನುಷ್ಯನೇ ಹೆಚ್ಚು ಜಾಗ ಹಿಡಿದಿದ್ದ. ನಲವತ್ತು ದಿನ ತಂಗಿ ಅವಳೊಡನೆ ಮಾತಾಡಲಿಲ್ಲ. ಆ ಎರಡು ಕೋಣೆಯ ಮನೆಯಲ್ಲಿ ಅಷ್ಟು ದಿನದ ಮೌನವೆಂದರೆ ಗಡಿಯಾರಕ್ಕೂ ಕಷ್ಟ. ಕೊನೆಗೆ ಕಾಜಕ್ಕ ಮಣಿದಳು. ಒಂದು ಭಾನುವಾರ ತಂಗಿಯ ಕೋಟಿಗೆ ಹೊಸ ಅಸ್ತರು ಹೊಲಿದು ಕೊಡುತ್ತ "ಕೇಳಬೇಕಿತ್ತು. ತಪ್ಪಾಯ್ತು" ಅಂದಳು.

"ಈಗ ಕೇಳಿದ್ರೆ ಕೊಡ್ತಾನಾ?"

"ಇಲ್ಲ. ಈಗ ನಾನೂ ಕೇಳಲ್ಲ."

"ಗೊತ್ತು ಬಿಡು ನಿನ್ನ ಹಣೆಬರಹ" ಎಂದು ತಂಗಿ ಕೋಟು ತೊಟ್ಟು ನೋಡಿಕೊಂಡಳು.

ಗುಂಪು ಈಗಲೂ ಇದೆ. ಯಾರಾದರೂ ಗುಂಡಿ ಎರವಲು ಕೇಳಿದರೆ ಇಬ್ಬರು ಸಾಕ್ಷಿಗಳ ಮುಂದೆ ಅದರ ಬೆನ್ನಿನ ಫೋಟೊ ತೆಗೆಯಬೇಕೆಂಬ ನಿಯಮ ಬಂದಿದೆ. ಅಂದು ಅವಳ ಮಾತು ಅಳಿಸಿಹಾಕಿದವರು ಕ್ಷಮೆ ಕೇಳಿದರು. ಕಾಜಕ್ಕ "ಪರವಾಗಿಲ್ಲ" ಎಂದು ಬರೆದಳು, ಮರೆತಿಲ್ಲ. ಅವಳ ಬಳಿ ಇನ್ನೂ ಮೂವತ್ತೆಂಟು ಬಕ ಉಳಿದಿವೆ. ಹೊಸಬರು ಯಾರು ಸೇರಿದರೂ ಒಂದನ್ನು ರಟ್ಟಿಗೆ ಹೊಲಿದು ಕಳಿಸುತ್ತಾಳೆ. ಕಳಿಸುವ ಮೊದಲು ಮಾತ್ರ ವಿಳಾಸವನ್ನು ಎರಡು ಸಲ ಓದುತ್ತಾಳೆ. ಡಾಕ್ಟರ ಊರಿನಿಂದ ಯಾರೇ ಬರೆದರೂ, ಹೆಸರು ಏನೇ ಇರಲಿ, ಮೊದಲು ಫೋನ್ ಮಾಡಿ ದನಿ ಕೇಳುತ್ತಾಳೆ. ಆಮೇಲಷ್ಟೇ ಸೂಜಿಗೆ ದಾರ.